ಮ್ಯಾಟ್ ಕೆಳಗಿನ ಮೆಕ್ಕೆಜೋಳ

ಕೊರೊನಾದಿಂದ ನಿಂತುಹೋಗಿದ್ದ ನಮ್ಮ ಕ್ಲಬ್ ಲೀಗ್ ಮತ್ತೆ ಶುರುವಾದ ವರ್ಷ ಅದು. ಆಗ ನಾನು ದಾವಣಗೆರೆಯ ಸರಸ್ವತಿ ನಗರದಲ್ಲಿ ದಂತವೈದ್ಯ. ಈಗಲೂ ಅದೇ ಕ್ಲಿನಿಕ್, ಅದೇ ಕುರ್ಚಿ. ವಾರವೆಲ್ಲ ಜನರ ಬಾಯಿ ನೋಡುತ್ತಿದ್ದೆ, ಭಾನುವಾರ ಬಂದರೆ ಕ್ರಿಕೆಟ್ ಕ್ಲಬ್ಬಿನ ಕಾರ್ಯದರ್ಶಿ. ನಲವತ್ತು ದಾಟಿದ್ದರಿಂದ ಬ್ಯಾಟಿಂಗಿಗೆ ಕೊನೆಯ ಸಾಲಿನಲ್ಲಿ ಇಳಿಯುತ್ತಿದ್ದೆ, ಫೀಲ್ಡಿಂಗಿಗೆ ಚೆಂಡು ಬಾರದ ಕಡೆ ನಿಲ್ಲುತ್ತಿದ್ದೆ. ಆದರೆ ಪಿಚ್ ನೋಡಿಕೊಳ್ಳುವ ಕೆಲಸವನ್ನು ಮಾತ್ರ ಹಟ ಹಿಡಿದು ನನ್ನ ಕೈಗೆ ತೆಗೆದುಕೊಂಡಿದ್ದೆ. ಉಪಕರಣದ ಮೇಲೆ ಸಣ್ಣದೊಂದು ಕಲೆ ಕಂಡರೂ ಕ್ಲಿನಿಕ್ಕಿನಲ್ಲಿ ರಂಪ ಮಾಡುವ ಮನುಷ್ಯ ನಾನು. ಇಂಥವನಿಗೆ ಪಿಚ್ ಒಪ್ಪಿಸಿದರೆ ಚಿಂತೆಯಿಲ್ಲ ಎಂದು ನಮ್ಮ ಹುಡುಗರೂ ನಂಬಿದ್ದರು.

ಹದಡಿ ರಸ್ತೆಯ ಬದಿಯಲ್ಲಿದ್ದ ನಮ್ಮ ಮೈದಾನದ ಬಗ್ಗೆ ಸ್ವಲ್ಪ ಹೇಳಬೇಕು. ಟಿ.ವಿ.ಯಲ್ಲಿ ಕಾಣುವಂಥ ಹುಲ್ಲು, ಜೇಡಿಮಣ್ಣಿನ ಟರ್ಫ್ ಪಿಚ್ಚನ್ನು ಸಾಕುವ ಶಕ್ತಿ ನಮ್ಮಂಥ ಕ್ಲಬ್ಬುಗಳಿಗಿಲ್ಲ. ನಮ್ಮದು ಸಿಮೆಂಟಿನ ಪಟ್ಟಿ. ಆಟದ ದಿನ ಅದರ ಮೇಲೆ ತೆಂಗಿನ ನಾರಿನ ಮ್ಯಾಟ್ ಹಾಸಿ, ಎರಡೂ ಬದಿಯ ಕಬ್ಬಿಣದ ಕೊಂಡಿಗಳಿಗೆ ಬಿಗಿಯಾಗಿ ಎಳೆದು ಕಟ್ಟುತ್ತಿದ್ದೆವು. ಮ್ಯಾಟ್ ಚೆನ್ನಾಗಿ ಕುಳಿತರೆ ಚೆಂಡು ಹೇಳಿದ ಮಾತು ಕೇಳುತ್ತದೆ. ಅದರ ಕೆಳಗೆ ಒಂದು ಕಲ್ಲು ಉಳಿದರೂ ಚೆಂಡು ಎತ್ತ ಹಾರುತ್ತದೋ ಯಾರಿಗೂ ಗೊತ್ತಿಲ್ಲ.

ಈ ಸಿಮೆಂಟ್ ಪಟ್ಟಿಯ ಮೇಲೆ ಕಣ್ಣಿಟ್ಟವರು ನಾವಷ್ಟೇ ಅಲ್ಲ. ಮೆಕ್ಕೆಜೋಳ ಕೊಯ್ಲಾದ ಮೇಲೆ ನಮ್ಮ ಸೀಮೆಯಲ್ಲಿ ಗಟ್ಟಿ ನೆಲ ಕಂಡಲ್ಲೆಲ್ಲ ಜೋಳ ಒಣಗುತ್ತದೆ. ಟಾರು ರಸ್ತೆಯನ್ನೂ ಬಿಡುವುದಿಲ್ಲ. ಮೈದಾನದ ಪಕ್ಕದ ಹೊಲದ ಬಸಣ್ಣನೂ ಪ್ರತಿವರ್ಷ ನಮ್ಮ ಪಿಚ್ಚಿನ ಮೇಲೆ ಜೋಳ ಹರವುತ್ತಿದ್ದರು. ಅದಕ್ಕೆ ಬದಲಾಗಿ ಲೀಗ್ ಶುರುವಾಗುವ ಮೊದಲು ತಮ್ಮ ಟ್ರ್ಯಾಕ್ಟರಿನಿಂದ ನಮ್ಮ ಮೈದಾನ ಸಮ ಮಾಡಿಕೊಡುತ್ತಿದ್ದರು. ಇಬ್ಬರಿಗೂ ಒಳ್ಳೆಯದಾಗುವ ಏರ್ಪಾಡು. ಜೋಳ ಎತ್ತಿದ ಮೇಲೆ ಅವರು ಕಸಬರಿಗೆ ಆಡಿಸುತ್ತಿದ್ದರು, ನಮ್ಮ ಹುಡುಗರು ಇನ್ನೊಮ್ಮೆ ಆಡಿಸುತ್ತಿದ್ದರು. ಕೊನೆಗೆ ಮ್ಯಾಟ್ ಬಿಗಿದ ಮೇಲೆ ಕಾರ್ಯದರ್ಶಿಯಾದ ನಾನು ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆ. ಕಣ್ಣಿಗೆ ಕಾಣದ್ದು ಅಂಗಾಲಿಗೆ ಗೊತ್ತಾಗುತ್ತದೆ. ಹಿರಿಯ ಆಟಗಾರರಿಂದ ನಮಗೆ ಬಂದ ಪದ್ಧತಿ ಅದು.

ಆ ಭಾನುವಾರ ಹರಿಹರದ ತಂಡ ಬಂದಿತ್ತು. ಬಂದವರಿಗೆ ಬೆಣ್ಣೆ ದೋಸೆ ತರಿಸುವ ಗಡಿಬಿಡಿಯಲ್ಲಿ ನಾನಿದ್ದೆ. ಜೊತೆಗೆ ಅಂದು ನನ್ನ ಕಾಲಲ್ಲಿ ಹೊಸ ಬಿಳಿ ಶೂ. ಲೇಸು ಬಿಗಿದು ಕಟ್ಟಿಕೊಂಡಿದ್ದೆ, ಬಿಚ್ಚಲು ಸೋಮಾರಿತನ. ಶೂ ಹಾಕಿಕೊಂಡೇ ಮ್ಯಾಟ್ ಮೇಲೆ ಗತ್ತಿನಿಂದ ನಡೆದು, "ಓಕೆ, ಟಾಸ್ ಹಾಕ್ರಿ" ಎಂದೆ. ಹಿಂದೆ ಮಳೆಗೂ ಜ್ವರಕ್ಕೂ ಬಿಡದ ಪದ್ಧತಿಯನ್ನು ಲೇಸು ಬಿಚ್ಚುವ ಬೇಸರಕ್ಕೆ ಬಿಟ್ಟೆ. ಇದನ್ನು ಬರೆಯುವಾಗಲೂ ನಾಚಿಕೆಯಿಂದ ಮುಖ ಬಿಸಿಯಾಗುತ್ತದೆ.

ಮೊದಲು ಬ್ಯಾಟಿಂಗ್ ನಮ್ಮದು. ವಿಕೆಟ್‌ಗಳು ಬೇಗ ಉದುರಿದ್ದರಿಂದ ನಾನೂ ಇಳಿಯಬೇಕಾಯಿತು. ಹರಿಹರದ ವಿಕೆಟ್ ಕೀಪರ್ ದಾದಾಪೀರ್, ಮೂವತ್ತರ ಆಸುಪಾಸಿನ ಸಪೂರ ಮನುಷ್ಯ, ಸ್ಟಂಪಿಗೆ ಅಂಟಿಕೊಂಡೇ ನಿಂತಿದ್ದ. ಮಧ್ಯಮ ವೇಗದ ಬೌಲರ್ ಇದ್ದಾಗ ಮ್ಯಾಟಿನ ಮೇಲೆ ಕೀಪರ್‌ಗಳು ಹಾಗೆ ನಿಲ್ಲುವುದು ರೂಢಿ. ಚೆಂಡು ನನ್ನ ಮುಂದೆ ಬಿತ್ತು. ನಾನು ಸೊಂಟದ ಮಟ್ಟಕ್ಕೆ ಬ್ಯಾಟ್ ತಂದೆ. ಚೆಂಡು ನನ್ನ ಭುಜದ ಪಕ್ಕದಿಂದ ಚಿಮ್ಮಿ ಹೋಯಿತು. ಹಿಂದೆ ಕೇಳಿದ ಸದ್ದು ನನ್ನ ವೃತ್ತಿಯವರಿಗೆ ಚೆನ್ನಾಗಿ ಗೊತ್ತಿರುವ ಸದ್ದು. ತಿರುಗಿ ನೋಡಿದರೆ ದಾದಾಪೀರ್ ಮೊಣಕಾಲೂರಿ ಕುಳಿತಿದ್ದ, ಗ್ಲೌಸಿನ ತುಂಬ ರಕ್ತ.

ಬಾಯಿ ತೆರೆಸಿ ನೋಡಿದೆ. ಮೇಲಿನ ಎದುರು ಹಲ್ಲುಗಳಲ್ಲಿ ಒಂದು ಅರ್ಧ ಮುರಿದಿತ್ತು. ಇನ್ನೊಂದು ಬೇರುಸಮೇತ ಕಿತ್ತು ಹೋಗಿತ್ತು. ಹೀಗೆ ಪೂರ್ತಿ ಕಿತ್ತ ಹಲ್ಲನ್ನು ಬೇಗ ಹುಡುಕಿ, ಹಾಲಿನಲ್ಲಿಟ್ಟು ತಂದು ಮತ್ತೆ ಅದೇ ಗುಳಿಯಲ್ಲಿ ಕೂರಿಸಿದರೆ ಹಿಡಿದುಕೊಳ್ಳುವ ಸಾಧ್ಯತೆ ಇರುತ್ತದೆ. "ಹಲ್ಲು ಹುಡುಕ್ರೋ" ಎಂದು ಕೂಗಿ ನಾನೇ ಮ್ಯಾಟಿನ ಮೇಲೆ ಕೈಯಾಡಿಸತೊಡಗಿದೆ. ಚೆಂಡು ಬಿದ್ದ ಜಾಗದ ಹತ್ತಿರ ಬೆರಳಿಗೆ ಗಟ್ಟಿಯಾಗಿ ಏನೋ ತಾಗಿತು. ಹಲ್ಲು ಅಂಚಿನಿಂದ ಮ್ಯಾಟ್ ಕೆಳಗೆ ನುಸುಳಿರಬೇಕು ಎಂದುಕೊಂಡು ಕೊಂಡಿ ಸಡಿಲಿಸಿ ಕೈ ತೂರಿಸಿದೆ. ಸಿಕ್ಕಿತು ಎಂದು ಹೊರತೆಗೆದೆ. ನನ್ನ ಅಂಗೈಯಲ್ಲಿದ್ದದ್ದು ಮೆಕ್ಕೆಜೋಳದ ಕಾಳು. ಸಿಮೆಂಟಿನ ಬಿರುಕಿನಲ್ಲಿ ಸಿಕ್ಕಿಕೊಂಡಿದ್ದ ಇನ್ನೂ ಹಲವು ಕಾಳುಗಳು ಅಲ್ಲೇ ಗುಡ್ಡೆಯಾಗಿದ್ದವು. ಬರಿಗಾಲಲ್ಲಿ ನಡೆದಿದ್ದರೆ ಚುಚ್ಚದೆ ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಹರಿಹರದ ಕ್ಯಾಪ್ಟನ್ ಬಂದು ಕೇಳಿದ: "ಏನ್ರಿ ಡಾಕ್ಟ್ರೇ, ಮ್ಯಾಟ್ ಕೆಳಗೆ ಏನಾರ ಐತೇನ್ರಿ?"

ಕಾಳುಗಳನ್ನು ಜೇಬಿಗೆ ಹಾಕಿಕೊಂಡೆ. "ಏನೂ ಇಲ್ಲ. ಮ್ಯಾಟ್ ಮ್ಯಾಲೆ ಬಾಲ್ ಏಳೋದು ಗೊತ್ತಿದ್ದದ್ದೇ ಅಲ್ಲೇನ್ರಿ? ನಿಮ್ ಕೀಪರ್ ಕೈ ಸ್ವಲ್ಪ ತಡ ಆತು" ಎಂದೆ.

ಬಾಯಿ ತಾನಾಗೇ ಆಡಿಬಿಟ್ಟಿತು ಎಂದು ಸಮಾಧಾನ ಮಾಡಿಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ. ಆಗುವುದಿಲ್ಲ. ಕಾಳು ಜೇಬಿಗೆ ಹೋದ ಮೇಲೆ ಆಡಿದ ಮಾತು ಅದು.

ಹಲ್ಲು ಸ್ಟಂಪಿನ ಹಿಂದೆ ಮಣ್ಣಿನಲ್ಲಿ ಸಿಕ್ಕಿತು. ಚಹಾದಂಗಡಿಯಿಂದ ಲೋಟದಲ್ಲಿ ಹಾಲು ತರಿಸಿ, ಅದರಲ್ಲಿಟ್ಟುಕೊಂಡು, ದಾದಾಪೀರನನ್ನು ನನ್ನ ಕಾರಿನಲ್ಲೇ ಕ್ಲಿನಿಕ್ಕಿಗೆ ಕರೆದೊಯ್ದೆ. ಹಲ್ಲನ್ನು ಗುಳಿಯಲ್ಲಿ ಕೂರಿಸಿ, ಅಲುಗದಂತೆ ಅಕ್ಕಪಕ್ಕದ ಹಲ್ಲುಗಳಿಗೆ ತೆಳುವಾದ ತಂತಿ ಅಂಟಿಸಿದೆ. ಇದನ್ನು ಸ್ಪ್ಲಿಂಟ್ ಎನ್ನುತ್ತೇವೆ, ಮುರಿದ ಕೈಗೆ ಪಟ್ಟಿ ಕಟ್ಟಿದ ಹಾಗೆ. ಕೆಲಸ ಮುಗಿಸಿ, "ಏನು ಕೆಲಸ ಮಾಡ್ತೀರಿ?" ಎಂದು ವಾಡಿಕೆಯಂತೆ ಕೇಳಿದೆ. ಊದಿದ ತುಟಿಯಲ್ಲಿ ಮಾತು ಹೊರಡದೆ ಆತ ಎರಡೂ ಕೈಯ ಬೆರಳುಗಳನ್ನು ಎದೆಯ ಮುಂದೆ ಆಡಿಸಿ ತೋರಿಸಿದ. ನನಗೆ ತಿಳಿಯಲಿಲ್ಲ. ಹರಿಹರದಿಂದ ಓಡಿ ಬಂದ ಆತನ ಮಾಮು ಹೇಳಿದರು: "ಕ್ಲಾರಿನೆಟ್ ಊದ್ತಾನ್ರಿ. ನಮ್ದು ಮದುವಿ ಬ್ಯಾಂಡು. ಮೇನ್ ಕ್ಲಾರಿನೆಟ್ ಇವಂದೇ."

ನಾನು ಆತನ ಬಾಯನ್ನು ಮತ್ತೊಮ್ಮೆ ತೆರೆಸಿ ನೋಡಿದೆ. ಕ್ಲಾರಿನೆಟ್ ಊದುವವರು ಮೇಲಿನ ಎದುರು ಹಲ್ಲುಗಳನ್ನು ಅದರ ಬಾಯಿಯ ಮೇಲೆ ಊರಿ ಹಿಡಿಯುತ್ತಾರೆ. ಊದಿದಷ್ಟು ಹೊತ್ತೂ ಅದರ ಭಾರ, ಅದರುವಿಕೆ ಎಲ್ಲ ಆ ಎರಡು ಹಲ್ಲುಗಳ ಮೇಲೆ. ದೀಪಾವಳಿ ಕಳೆದು ಮದುವೆಗಳ ಕಾಲ ಶುರುವಾಗಿತ್ತು. ಹತ್ತಿರದ ಬಾತಿ ಊರಿನಲ್ಲಿ ದೊಡ್ಡ ಮದುವೆಯೊಂದಕ್ಕೆ ಅವರ ಬ್ಯಾಂಡ್ ಗೊತ್ತುಮಾಡಿದ್ದರು.

ಮಾಮು ಬ್ಯಾಂಡಿನ ಹಿರಿಯರು, ಮೃದು ಮಾತಿನವರು. ನನ್ನ ಎರಡೂ ಕೈ ಹಿಡಿದುಕೊಂಡರು. "ನಿಮ್ ಗ್ರೌಂಡ್‌ನಾಗೆ ಆಗಿದ್ದೇ ಪುಣ್ಯ ಡಾಕ್ಟ್ರೇ. ಬ್ಯಾರೆ ಕಡೆ ಆಗಿದ್ರೆ ಹಲ್ಲಿನ ಡಾಕ್ಟ್ರು ಎಲ್ಲಿ ಸಿಗ್ತಿದ್ರು? ನಿಮ್ ಹೆಸರಿಗೆ ದುವಾ ಮಾಡ್ತೀನ್ರಿ."

ಜೇಬಿನಲ್ಲಿ ಕಾಳುಗಳಿನ್ನೂ ಇದ್ದವು. ನಾನು "ಇರ್ಲಿ ಬಿಡ್ರಿ" ಎಂದೆ. ಚಿಕಿತ್ಸೆಗೆ ಏನೂ ತೆಗೆದುಕೊಳ್ಳಲಿಲ್ಲ; ಅದನ್ನೂ ಅವರು ನನ್ನ ದೊಡ್ಡ ಗುಣವೆಂದೇ ತಿಳಿದರು.

ಕಿತ್ತು ಕೂರಿಸಿದ ಹಲ್ಲಿಗೆ ಕೆಲವು ದಿನಗಳಲ್ಲೇ ರೂಟ್ ಕೆನಾಲ್ ಮಾಡಬೇಕಾಗುತ್ತದೆ, ಅಂದರೆ ಒಳಗಿನ ಸತ್ತ ನರ ತೆಗೆದು ಸ್ವಚ್ಛ ಮಾಡಿ ತುಂಬುವುದು. ಅದಕ್ಕೆ ದಾದಾಪೀರ್ ಬಂದ ದಿನ ಹೇಳಿಬಿಡಬೇಕು ಎಂದು ಬೆಳಿಗ್ಗೆಯೇ ತೀರ್ಮಾನಿಸಿದ್ದೆ. ಆತ ಬಂದ, ನಮಸ್ಕಾರ ಹೇಳಿದ, ಕುರ್ಚಿಯಲ್ಲಿ ಒರಗಿದ. ಹೇಳಲು ಬಾಯಿ ಬರಲಿಲ್ಲ. ಮರಗಟ್ಟುವ ಇಂಜೆಕ್ಷನ್ ಕೊಟ್ಟೆ. ಎಂಜಲು ತಾಗದಂತೆ, ಹಲ್ಲು ಮಾತ್ರ ಹೊರಗೆ ಕಾಣುವ ಹಾಗೆ ಬಾಯಿಗೆ ರಬ್ಬರ್ ಹಾಳೆ ಕಟ್ಟಿದೆ. ಇನ್ನು ಆತ ಒಂದು ಅಕ್ಷರವನ್ನೂ ಆಡಲಾರ ಎಂದು ಖಾತ್ರಿಯಾದ ಮೇಲೆ ನನ್ನ ನಾಲಿಗೆ ಸಡಿಲಾಯಿತು. ಎಲ್ಲ ಹೇಳಿದೆ. ಕಾಳು ಉಳಿದದ್ದು, ಶೂ ಬಿಚ್ಚದೇ ಹೋದದ್ದು, ಸಿಕ್ಕ ಕಾಳನ್ನು ಜೇಬಿಗಿಳಿಸಿದ್ದು, ಕ್ಯಾಪ್ಟನ್‌ಗೆ ಸುಳ್ಳು ಹೇಳಿದ್ದು. ಆತ ಒಮ್ಮೆ ನನ್ನನ್ನು ನೋಡಿದ, ಆಮೇಲೆ ಮೇಲಿನ ದೀಪವನ್ನೇ ನೋಡುತ್ತಾ ಮಲಗಿದ. ಕೆಲಸ ಮುಗಿದ ಮೇಲೆ ಮರಗಟ್ಟಿದ ಬಾಯಿ ಮುಕ್ಕಳಿಸಿ ಎದ್ದು ಹೋದ.

ಹೇಳಿದ್ದಾಯಿತಲ್ಲ ಎಂದು ಅಂದು ನನಗೆ ಹಗುರಾಗಿತ್ತು. ಈ ಪ್ರಕರಣದಲ್ಲಿ ನನಗೆ ಅತ್ಯಂತ ಹೇಸಿಗೆ ಎನಿಸುವುದು ಆ ಹಗುರವೇ.

ಬಾತಿಯ ಮದುವೆಯಲ್ಲಿ ಬೇರೆಯವರು ಊದಿದರು. ಆ ಹಂಗಾಮು ಪೂರ್ತಿ ದಾದಾಪೀರ್ ಬ್ಯಾಂಡಿನ ಹಿಂದಿನ ಸಾಲಿನಲ್ಲಿ ತಾಳ ಹಿಡಿದು ನಡೆದನಂತೆ. ಸ್ಪ್ಲಿಂಟ್ ತೆಗೆದೆ, ಹಲ್ಲು ಹಿಡಿದುಕೊಂಡಿತ್ತು. ಅರ್ಧ ಮುರಿದದ್ದನ್ನು ಅದೇ ಬಣ್ಣದ ಕಾಂಪೋಸಿಟ್ ಲೇಪದಿಂದ ಕಟ್ಟಿದೆ. ಯುಗಾದಿ ಕಳೆದ ಮೇಲೆ, ಇನ್ನು ಊದಿ ನೋಡಬಹುದು ಎಂದೆ. ಆತ ಮಾಮು ಜೊತೆ ಕ್ಲಾರಿನೆಟ್ ಹಿಡಿದುಕೊಂಡೇ ಕ್ಲಿನಿಕ್ಕಿಗೆ ಬಂದ. ಮೊದಲ ಸಲ ಬರೀ ಗಾಳಿ ಹೊರಟಿತು. ಕಟ್ಟಿದ ಹಲ್ಲಿನ ಅಂಚು ಉದ್ದವಾಗಿತ್ತು. ನಾನು ಸ್ವಲ್ಪ ಉಜ್ಜಿದೆ, ಆತ ಊದಿದ; ಮತ್ತೆ ಉಜ್ಜಿದೆ, ಮತ್ತೆ ಊದಿದ. ಕೊನೆಗೆ ಸ್ವರ ಅಲುಗದೆ ನಿಂತಿತು. ಹೊರಗೆ ಸರದಿಗೆ ಕುಳಿತಿದ್ದ ರೋಗಿಗಳು ತಮ್ಮ ಹಲ್ಲುನೋವು ಮರೆತು ಬಾಗಿಲಲ್ಲಿ ಇಣುಕಿದರು. ಆದರೆ ಮೇಲಿನ ಸ್ವರಗಳಿಗೆ ಹೋದಂತೆ ಆತನ ಮುಖ ಹಿಂಡಿಕೊಂಡಿತು, ತುಟಿ ಬೇಗ ಸೋತಿತು. ಒಂದು ಹಾಡಿಗೆ ಸಾಕು, ಮೆರವಣಿಗೆಯುದ್ದಕ್ಕೂ ಊದಲು ಸಾಲದು. ಅದು ಮೂವರಿಗೂ ತಿಳಿಯಿತು.

ಕ್ಲಾರಿನೆಟ್ ಒರೆಸಿ ಪೆಟ್ಟಿಗೆಯಲ್ಲಿಟ್ಟು ದಾದಾಪೀರ್ ನನ್ನತ್ತ ತಿರುಗಿದ. "ಅವತ್ತು ಬಾಯಿಗೆ ರಬ್ಬರ್ ಕಟ್ಟಿ ಹೇಳಿದ್ರಿ ಡಾಕ್ಟ್ರೇ. ಹ್ಞೂಂ ಅನ್ನಾಕೂ ಆಗ್ಲಿಲ್ಲ, ಊಹೂಂ ಅನ್ನಾಕೂ ಆಗ್ಲಿಲ್ಲ. ಈಗ ಬಾಯಿ ಖಾಲಿ ಐತೆ. ಮತ್ತೊಮ್ಮೆ ಹೇಳ್ರಿ."

ಮಾಮು ಎದುರಿಗೇ ನಿಂತಿದ್ದರು. ಹೇಳಿದೆ. ಶೂನಿಂದ ಹಿಡಿದು ಸುಳ್ಳಿನವರೆಗೆ, ಏನನ್ನೂ ಬಿಡದೆ. ಮಾಮು ತಲೆ ತಗ್ಗಿಸಿ, "ಇಷ್ಟು ದಿನ ದುವಾ ಮಾಡ್ತಿದ್ನಲ್ರಿ" ಎಂದರು, ಅಷ್ಟೇ. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಜೋಳ ಉಳೀತು, ಹೋಗ್ಲಿ. ಮನುಷ್ಯರಿಂದ ಆಗ್ತೈತೆ" ಎಂದ ದಾದಾಪೀರ್. "ಕೈ ತಡ ಆತು ಅಂದ್ರಲ್ಲ, ಅದು ಯಾಕ? ನಾನು ನಿಮ್ ಕ್ಲಿನಿಕ್‌ನಾಗೆ ಇದ್ದಾಗ್ಲೇ ಆ ಮಾತು ಹರಿಹರ ಮುಟ್ಟಿತ್ತು. ಬಾಲ್ ಹಿಡಿಯಾಕೆ ಬರದೆ ಹಲ್ಲು ಕಳ್ಕಂಡ ಅಂತಾರ. ಗ್ಲೌಸು ಬ್ಯಾರೆಯವ್ರಿಗೆ ಕೊಟ್ಟಾರ. ನನಗೊಬ್ಬನಿಗೆ ಹೇಳಿದ್ರೆ ಏನ್ ಬಂತು? ಅಲ್ಲಿ ಬಂದು ಹೇಳ್ರಿ."

ಮುಂದಿನ ಭಾನುವಾರ ಹರಿಹರಕ್ಕೆ ಹೋದೆ. ಅವರದೂ ಮ್ಯಾಟಿನ ಪಿಚ್ಚೇ, ಅಂದು ಬೇರೊಂದು ಊರಿನ ತಂಡದ ಜೊತೆ ಆಟವಿತ್ತು. ಟಾಸಿಗೆ ಮೊದಲು ಎರಡೂ ತಂಡ ಸೇರಿದ್ದಾಗ ಕ್ಯಾಪ್ಟನ್ ಎದುರು ನಿಂತು, ಮ್ಯಾಟ್ ಕೆಳಗೆ ಜೋಳವಿತ್ತು, ಕೇಳಿದಾಗ ಅದು ನನಗೆ ಗೊತ್ತಿತ್ತು, ಕೀಪರ್‌ದು ಏನೂ ತಪ್ಪಿರಲಿಲ್ಲ ಎಂದೆ. ನನ್ನ ಮಕ್ಕಳ ವಯಸ್ಸಿನ ಹುಡುಗರು ನನ್ನ ಮುಖ ನೋಡಲಾಗದೆ ನೆಲ ನೋಡುತ್ತಿದ್ದರು. ಕ್ಯಾಪ್ಟನ್ ಕಿಟ್ ಚೀಲದಿಂದ ಗ್ಲೌಸ್ ತೆಗೆದು ದಾದಾಪೀರನ ಕೈಗೆ ಕೊಟ್ಟ.

ನಾನು ಹೊರಡಲು ತಿರುಗಿದೆ. ದಾದಾಪೀರ್ ಕರೆದ: "ಎಲ್ಲಿ ಹೊಂಟ್ರಿ? ಮ್ಯಾಟ್ ಬಿಗಿದೈತೆ. ಶೂ ಬಿಚ್ರಿ, ನಡೆದು ನೋಡ್ರಿ. ನಾನು ಸ್ಟಂಪಿನ ಹಿಂದೆ ನಿಲ್ಲಾವ ಅದೀನಿ."

ಎಲ್ಲರ ಮುಂದೆ ಕುಳಿತು ಲೇಸು ಬಿಚ್ಚಿದೆ. ಬರಿಗಾಲಲ್ಲಿ ಮ್ಯಾಟಿನ ಮೇಲೆ ಹೋದೆ, ಬಂದೆ. ಬಿಸಿಲಿಗೆ ಕಾದ ನಾರು ಅಂಗಾಲಿಗೆ ಚುಚ್ಚುತ್ತಿತ್ತು. ಒಂದು ಕಡೆ ಅನುಮಾನ ಬಂದು ಕುಕ್ಕರಗಾಲಲ್ಲಿ ಕುಳಿತು ಅಂಚು ಎತ್ತಿಸಿ ನೋಡಿದೆ. ಸಣ್ಣದೊಂದು ಕಲ್ಲಿತ್ತು, ತೆಗೆದು ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸಿದೆ. ಆಟ ಶುರುವಾಯಿತು.

ಬಸಣ್ಣನ ಜೋಳ ಈಗಲೂ ನಮ್ಮ ಪಿಚ್ಚಿನ ಮೇಲೆ ಒಣಗುತ್ತದೆ. ಬಿರುಕುಗಳಿಗೆ ಸಿಮೆಂಟ್ ತುಂಬಿಸಿದ್ದೇವೆ, ಬೇಗ ಬಿಚ್ಚಲು ಬರಲೆಂದು ನಾನು ಚಪ್ಪಲಿಯಲ್ಲೇ ಮೈದಾನಕ್ಕೆ ಹೋಗುತ್ತೇನೆ. ಆದರೆ ಈ ಪ್ರಕರಣ ನನಗೆ ಕಲಿಸಿದ ಪಾಠ ಪಿಚ್ಚಿನದಲ್ಲ, ಕುರ್ಚಿಯದು. ನನ್ನ ಮುಂದೆ ಬಾಯಿ ತೆರೆದು ಮಲಗುವವರು ಮಾತಾಡುವ ಶಕ್ತಿಯನ್ನೂ ನನಗೆ ಒಪ್ಪಿಸಿ ಮಲಗಿರುತ್ತಾರೆ. ಅವರಿಗೆ ಹೇಳಬೇಕಾದ್ದನ್ನು ಬಾಯಿಗೆ ಏನನ್ನೂ ಇಡುವ ಮೊದಲೇ ಹೇಳಿ, ಅವರ ಉತ್ತರ ಕೇಳಿಸಿಕೊಂಡ ಮೇಲೆಯೇ ಈಗ ಕೈಗವಸು ಹಾಕಿಕೊಳ್ಳುತ್ತೇನೆ.

ದಾದಾಪೀರ್ ಹಲ್ಲು ತೋರಿಸಲು ಆಗಾಗ ಬರುತ್ತಾನೆ. ಬ್ಯಾಂಡಿನಲ್ಲಿ ಈಗ ಎರಡನೇ ಕ್ಲಾರಿನೆಟ್ ಅವನದು. ಮೊದಲನೆಯದು ಮರಳಿ ಸಿಗಲಿಲ್ಲ. ಕುರ್ಚಿಯಲ್ಲಿ ಒರಗಿದ ಮೇಲೆ ತಕ್ಷಣ ಬಾಯಿ ತೆರೆಯುವುದಿಲ್ಲ.

"ಏನಾರ ಹೇಳೋದು ಐತೇನ್ರಿ ಡಾಕ್ಟ್ರೇ? ಇದ್ರೆ ಈಗ್ಲೇ ಹೇಳಿಬಿಡ್ರಿ" ಎನ್ನುತ್ತಾನೆ.

ನಮ್ಮ ನರ್ಸ್ ನಗುತ್ತಾಳೆ, ಅವನೂ ನಗುತ್ತಾನೆ. "ಏನಿಲ್ಲಪ್ಪ" ಎನ್ನುತ್ತೇನೆ. ಆತ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಆಮೇಲೆ ಬಾಯಿ ತೆರೆಯುತ್ತಾನೆ.