ಸೋಲಾಪುರದ ರೊಟ್ಟಿ

ಚೌಡಾಪುರದ ರಸ್ತೆ ಬದಿಯ ಕಿರಾಣಿ ಅಂಗಡಿಯ ಮಹಾನಂದಾ ಬಿಡಿ ಸಾಮಾನು ಮಾರುವವಳೇ ಅಲ್ಲ. ಎಲ್ಲವೂ ಪ್ಯಾಕೆಟ್ಟಿನಲ್ಲೇ ಇರಬೇಕು. ಕೊಡುವಾಗಲೂ "ಪ್ಯಾಕ್ ಹಾಂಗೇ ಅದ ನೋಡ್ರಿ, ನಾ ಕೈ ಹಚ್ಚಿಲ್ಲ" ಎಂದು ಎರಡು ಸಲ ತಿರುಗಿಸಿ ತೋರಿಸುವಳು. ಕಡ್ಡಿಪೆಟ್ಟಿಗೆಗೂ ಇದೇ ಉಪಚಾರ. ಅವಳಲ್ಲಿ ಹೆಚ್ಚು ಖರ್ಚಾಗುವುದು ಕಡಕ್ ರೊಟ್ಟಿ. ಎಲ್ಲಿಯದೆಂದರೆ, "ಸೋಲಾಪುರದಿಂದ ಬರ್ತಾವ್ರಿ" ಎನ್ನುವಳು. ಸೋಲಾಪುರದವರ ಕೈಗೆ ಬಂಗಾರದ ಬಳೆ ತೊಡಿಸಬೇಕೆಂದು ಊರೇ ಹೊಗಳುತ್ತದೆ. ಘತ್ತರಗಿಗೆ ಹೋಗುವ ಭಕ್ತರು ನೂರು ರೊಟ್ಟಿ ಕೇಳಿದರೆ ಮಾತ್ರ ಹೆದರಿ, "ಬಸ್ ಬಂದಿಲ್ರಿ" ಎಂದುಬಿಡುವಳು. ಬೆಳಿಗ್ಗೆ ಅಂಗಡಿಯ ಹಿಂದಿನ ಅವಳ ಮನೆಯಲ್ಲಿ ಟಿವಿ ಲಾರಿ ಹಾರ್ನನ್ನೂ ಮುಳುಗಿಸುವಷ್ಟು ಜೋರು. ಅದರ ಮರೆಯಲ್ಲಿ ಅವಳೇ ರೊಟ್ಟಿ ಬಡಿಯುವ ಸಪ್ಪಳ. ಹಿಂದೊಮ್ಮೆ ಅವಳ ಅವ್ವ ಭಾಗಮ್ಮ ಇದೇ ರಸ್ತೆಯಲ್ಲಿ ರೊಟ್ಟಿ ಬುಟ್ಟಿ ಇಟ್ಟು ಕೂತಿದ್ದಳು. ಯಾವ ಕೇರಿಯವಳೆಂದು ಕೇಳಿದವರೆಲ್ಲ ಕೊಳ್ಳದೆ ಹೋದರು. ತುಂಬಿದ ಬುಟ್ಟಿ ಹಾಗೇ ಮನೆಗೆ ಮರಳಿತ್ತು. ಸೋಲಾಪುರದ ಹೊಗಳಿಕೆ ಕೇಳಿ ಕೇಳಿ ಸಾಕಾಗಿತ್ತೋ ಏನೋ, ಈ ಸೋಮವಾರ ಟಿವಿ ಸುಮ್ಮನಿತ್ತು. ಮಹಾನಂದಾ ಅಂಗಡಿಯ ಮುಂದೆಯೇ ಒಲೆ ಹೂಡಿ, ರಸ್ತೆಗೆಲ್ಲ ಕೇಳುವಂತೆ ಬಡಿಯತೊಡಗಿದಳು. ದಿನಾ ರೊಟ್ಟಿ ಒಯ್ಯುವ, ಮೇಲುಕೇರಿಯ ಒಕ್ಕಲುಮನೆಯ ಮುದುಕಿ ನಿಂಬೆವ್ವ ನಿಂತು ನೋಡಿದಳು. "ಸೋಲಾಪುರದ್ದು ಬಂದಿಲ್ಲೇನಬೇ?" "ಯಾವತ್ತೂ ಬಂದಿಲ್ರಿ ಎವ್ವಾ. ಎಲ್ಲಾ ನಾನೇ ಬಡಿದವು." ನಿಂಬೆವ್ವ ಒಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಆಮೇಲೆ, "ಹಂಗಾರ ಇಷ್ಟ ದಿನ ಆರಿದ್ದು ಯಾಕ ತಿನ್ನಿಸಿದಿ? ಬಿಸೀದು ಕೊಡು" ಎಂದಳು. ಮಹಾನಂದಾಳ ಕೈ ರೂಢಿಯಂತೆ ಪ್ಲಾಸ್ಟಿಕ್ ಚೀಲಕ್ಕಾಗಿ ತಡಕಾಡಿತು. ಅಷ್ಟರಲ್ಲಿ ನಿಂಬೆವ್ವ ಅಂಗೈ ಚಾಚಿದ್ದಳು.