ಎಂಜಿನ್ ಒಡೆದ ಬೆಳಿಗ್ಗೆ

ಮೆಲ್ಬರ್ನಿನ ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ಒಂದು ಗಾಜು ಒಡೆದೆ. ಯಾರ್ಡಿನಲ್ಲಿ ಸಾಲಾಗಿ ನಿಂತ ಗಾಡಿಗಳ ಮುಂದಿನ ಗಾಜಿನ ಮೇಲೆಲ್ಲ ಉಪ್ಪು ಎರಚಿದಂತೆ ಬಿಳಿ ಪದರ. ಕಾಲಿಟ್ಟರೆ ಹುಲ್ಲು ಹಪ್ಪಳದಂತೆ ಮುರಿಯುತ್ತಿತ್ತು. ಇಬ್ಬನಿಯೇ ಹೆಪ್ಪುಗಟ್ಟಿ ಹೀಗಾಗುವುದನ್ನು ಇವರು ಫ್ರಾಸ್ಟ್ ಅನ್ನುತ್ತಾರೆ, ನನಗೆ ಗೊತ್ತಿರಲಿಲ್ಲ. ಕೆಟಲಿನಲ್ಲಿ ನೀರು ಕುದಿಸಿ ತಂದು ಸುರಿದೆ. ಟಪ್ ಎಂದಿತು. ಗಾಜಿನ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಓಡಿತು.

"ನಿಮ್ಮ ದೇಶದಲ್ಲಿ ಗಾಡಿಗೆ ಗಾಜು ಇರುವುದಿಲ್ಲವಾ?" ಎಂದ ಫೋರ್‌ಮನ್ ಕ್ರೇಗ್. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವಿಗೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಮಂಗಳೂರಿನಲ್ಲಿ ನಾನು ಹನ್ನೊಂದು ವರ್ಷ ಬಸ್ಸುಗಳ ಡೀಸೆಲ್ ಎಂಜಿನ್ ರಿಪೇರಿ ಮಾಡಿದವನು. ಆ ಕೆಲಸದ ಮೇಲೆಯೇ ಪಿಆರ್, ಅಂದರೆ ಇಲ್ಲಿ ಕಾಯಂ ನೆಲೆಸುವ ಪರವಾನಗಿ, ಸಿಕ್ಕಿ ಎರಡು ಸಾವಿರದ ಆರರಲ್ಲಿ ಸಿಡ್ನಿಗೆ ಬಂದೆ. ಅಲ್ಲಿನ ಗಿರಾವೀನ್ ಬಡಾವಣೆಯಲ್ಲಿ ನಾಲ್ಕು ಮಂದಿ ಒಂದು ಮನೆಯಲ್ಲಿದ್ದೆವು. ಪಕ್ಕದ ಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು, ಅಂಗಡಿಯಲ್ಲಿ ಹಿಂದಿ ನಡೆಯುತ್ತಿತ್ತು. ಆದರೆ ಕೈಗೆ ಸಿಕ್ಕಿದ್ದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ. ಮೋಟರ್‌ಹೋಮ್ ಬಾಡಿಗೆಗೆ ಕೊಡುವ ಮೆಲ್ಬರ್ನಿನ ಕಂಪನಿಯೊಂದಕ್ಕೆ ಮೆಕ್ಯಾನಿಕ್ ಬೇಕೆಂದು ತಿಳಿದಾಗ ಮರುಯೋಚನೆ ಮಾಡದೆ ಹೊರಟೆ. ಮೋಟರ್‌ಹೋಮ್ ಎಂದರೆ ಒಳಗೇ ಒಲೆ, ಮಂಚ, ಕಕ್ಕಸು ಎಲ್ಲ ಇರುವ ವ್ಯಾನು. ಮನೆ ಬಿಟ್ಟು ಹೋಗುವಾಗಲೂ ಮನೆಯನ್ನು ಬಿಡಲಾರದವರ ಗಾಡಿ.

ನಮ್ಮೂರಿನ ಬಸ್ಸು ಬೆಳಿಗ್ಗೆ ಕೀ ತಿರುಗಿಸಿದರೆ ಒಂದೇ ಏಟಿಗೆ ಎದ್ದುಬಿಡುತ್ತದೆ. ಅಲ್ಲಿ ನಮ್ಮ ಜಗಳವೆಲ್ಲ ಸೆಕೆಯ ಜೊತೆ. ಇಲ್ಲಿ ಎಂಜಿನ್ನಿನ ಎದೆಯನ್ನು ಮೊದಲು ಬೆಚ್ಚಗೆ ಮಾಡಬೇಕು. ಅದಕ್ಕೆ ಪ್ರತಿ ಸಿಲಿಂಡರಿಗೂ ಪೆನ್ಸಿಲಿನಷ್ಟು ದಪ್ಪದ ಒಂದು ಗ್ಲೋ ಪ್ಲಗ್ ಇರುತ್ತದೆ. ಕೀಯನ್ನು ಅರ್ಧ ತಿರುಗಿಸಿದರೆ ಅದು ಕಾದು ಕೆಂಪಾಗುತ್ತದೆ, ಎದುರಿಗೆ ಸುರುಳಿಯಾಕಾರದ ಹಳದಿ ದೀಪ ಉರಿಯುತ್ತದೆ. ದೀಪ ಆರಿದ ಮೇಲೆಯೇ ಸ್ಟಾರ್ಟ್ ಮಾಡಬೇಕು. ಇದನ್ನು ಕ್ರೇಗ್ ಹೇಳಿಕೊಡಲಿಲ್ಲ. ನಾನು ಎರಡು ಬ್ಯಾಟರಿ ಖಾಲಿ ಮಾಡುವುದನ್ನು ಕೈಕಟ್ಟಿ ನೋಡಿದ. ಆಮೇಲೆ ನಾನೇ ಮ್ಯಾನ್ಯುಯಲ್ ಓದಿ ಕಲಿತೆ.

ಆ ಯಾರ್ಡಿನಲ್ಲಿ ನನ್ನ ಜೊತೆ ಮನುಷ್ಯರ ಹಾಗೆ ಮಾತಾಡುತ್ತಿದ್ದವಳು ಲವೀನಾ ಒಬ್ಬಳೇ. ಕೌಂಟರಿನಲ್ಲಿ ಬುಕಿಂಗ್ ನೋಡಿಕೊಳ್ಳುತ್ತಿದ್ದಳು. ಮಂಗಳೂರಿನ ಹತ್ತಿರದ ಕಿನ್ನಿಗೋಳಿ ಕಡೆಯವಳು, ನನ್ನ ಹಾಗೆಯೇ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಹತ್ತು ಗಂಟೆಯ ಚಹಾಕ್ಕೆ ಇಬ್ಬರೂ ನೀರಿನ ಟ್ಯಾಂಕಿನ ಹಿಂದೆ ನಿಂತು ಬಾಯಿ ತುಂಬ ಕೊಂಕಣಿ ಆಡುತ್ತಿದ್ದೆವು. ಆ ಹತ್ತು ನಿಮಿಷಕ್ಕಾಗಿ ಉಳಿದ ದಿನವನ್ನು ಸಹಿಸುತ್ತಿದ್ದೆ.

ಏಳನೆಯ ವಾರ ಒಂದು ಬೆಳಿಗ್ಗೆ ಒಂಬತ್ತು ಗಂಟೆಗೆ ಕೊಡಬೇಕಾದ ಗಾಡಿ ಏಳಲಿಲ್ಲ. ನೋಡಿದರೆ ನಾಲ್ಕರಲ್ಲಿ ಎರಡು ಗ್ಲೋ ಪ್ಲಗ್ ಸತ್ತಿದ್ದವು. ಗಿರಾಕಿಗಳು, ಗಂಡ ಹೆಂಡತಿ ಮತ್ತು ಮೂರು ಮಕ್ಕಳು, ಆಫೀಸಿನ ಗಾಜಿನ ಹಿಂದೆ ಕಾಯುತ್ತಿದ್ದರು.

"ಒಂದು ಗಂಟೆ ಕೊಡು, ಬದಲಾಯಿಸುತ್ತೇನೆ" ಎಂದೆ.

ಕ್ರೇಗ್ ಈಥರ್ ಸ್ಪ್ರೇ ಡಬ್ಬಿ ತಂದ. ಗಾಳಿ ಎಳೆಯುವ ಕೊಳವೆಗೆ ಹೊಡೆದರೆ ತಣ್ಣಗಿನ ಎಂಜಿನ್ ಕೂಡ ಹೊತ್ತಿಕೊಳ್ಳುತ್ತದೆ. ಆದರೆ ಒಳಗೆ ಕೆಂಪಗೆ ಕಾದ ಪ್ಲಗ್ ಇರುವಾಗ ಹೊಡೆದರೆ ಅದು ಬಾಂಬು.

"ಇನ್ನೆರಡು ಪ್ಲಗ್ ಜೀವಂತ ಇವೆ. ಅವುಗಳ ವೈರನ್ನಾದರೂ ಕಳಚು."

"ಕೀ ತಿರುಗಿಸು ಅಂದರೆ ತಿರುಗಿಸು."

"ನಾನು ತಿರುಗಿಸುವುದಿಲ್ಲ."

ಸೀಟಿನಿಂದ ಇಳಿದೆ. ಬಾಡಿಗೆ ಕಾಗದ ಹಿಡಿದುಕೊಂಡು ಲವೀನಾ ಅಲ್ಲಿಗೇ ಬಂದಳು. "ನೀನು ಹತ್ತು" ಎಂದ ಕ್ರೇಗ್. ಬೇಡ ಎಂದು ಕೊಂಕಣಿಯಲ್ಲಿ ಕೂಗಿದೆ. ಅವಳು ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡಿದಳು. ಹತ್ತಿ ಕೂತಳು. ಕ್ರೇಗ್ ಕೊಳವೆಗೆ ಸ್ಪ್ರೇ ಹೊಡೆದ, ಅವಳು ಕೀ ತಿರುಗಿಸಿದಳು.

ಸಿಡಿಲು ಬಡಿದಂತಾಯಿತು. ಕೊಳವೆಯಿಂದ ಬೆಂಕಿ ಹಿಂದಕ್ಕೆ ಚಿಮ್ಮಿ ಕ್ರೇಗನ ಹುಬ್ಬು ಸುಟ್ಟಿತು. ಎಂಜಿನ್ನಿನೊಳಗೆ ಏನೋ ಒಡೆದು ಕಟಕಟ ಎಂದು ನಿಂತುಹೋಯಿತು.

ಅರ್ಧ ಗಂಟೆಯಲ್ಲಿ ಮಾಲೀಕ ಬಂದ. ಸ್ಪ್ರೇ ಹೊಡೆದದ್ದು ನಾನು, ಬೆಂಕಿ ತಡೆಯಲು ಬಂದವನು ಕ್ರೇಗ್ ಎಂದಾಗಿತ್ತು ಅಷ್ಟರಲ್ಲಿ.

"ಲವೀನಾಳನ್ನು ಕೇಳಿ. ಅವಳು ಅಲ್ಲೇ ಇದ್ದಳು" ಎಂದೆ.

ಲವೀನಾ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. "ನಾನು ಆಫೀಸಿನಲ್ಲಿದ್ದೆ. ಏನೂ ನೋಡಲಿಲ್ಲ."

"ಕ್ರೇಗನ ಹುಬ್ಬನ್ನಾದರೂ ನೋಡಿ! ನಾನು ಹೊಡೆದಿದ್ದರೆ ಸುಡಬೇಕಾದದ್ದು ನನ್ನ ಹುಬ್ಬು!" ಎಂದೆ. ನನ್ನ ದನಿ ಏರಿತ್ತು. ಮಾಲೀಕ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತೆಂದೇ ನನ್ನ ನಂಬಿಕೆ. ಆದರೂ ಅವನು ಹೇಳಿದ್ದಿಷ್ಟು: "ಕ್ರೇಗ್ ನನ್ನ ಹತ್ತಿರ ಹದಿನೆಂಟು ವರ್ಷದಿಂದ ಇದ್ದಾನೆ. ಬಂದ ದಿನವೇ ಗಾಜು ಒಡೆದವನು ನೀನು."

ಸಲಕರಣೆ ಚೀಲ ಎತ್ತಿಕೊಂಡು ಗೇಟಿಗೆ ಬರುವಷ್ಟರಲ್ಲಿ ಲವೀನಾ ಓಡಿಬಂದಳು.

"ನನಗೆ ವೀಸಾ ಕೊಡಿಸಿದ್ದೇ ಈ ಕಂಪನಿ. ಇಲ್ಲಿಂದ ತೆಗೆದರೆ ನಾನು ಊರಿಗೇ ಹೋಗಬೇಕು. ನಿನಗೆಂತ ಮಾರಾಯಾ, ಪಿಆರ್ ಉಂಟು. ಬೇರೆ ಕಡೆ ಕೆಲಸ ಸಿಗ್ತದೆ."

"ಕಳ್ಳಿ" ಎಂದೆ. ಅದಕ್ಕಿಂತ ಕೆಟ್ಟ ಮಾತುಗಳನ್ನೂ ಕೊಂಕಣಿಯಲ್ಲಿ ಆಡಿದೆ. ಅಷ್ಟು ಕೆಟ್ಟದಾಗಿ ಬೈಯಲು ಈ ಊರಿನಲ್ಲಿ ನನಗೆ ಅವಳೊಬ್ಬಳೇ ಇದ್ದಳು. ಕ್ರೇಗನಿಗೆ ಬೈದಿದ್ದರೆ ಅವನಿಗೆ ಅರ್ಥವೇ ಆಗುತ್ತಿರಲಿಲ್ಲ. ಅವಳು ಎಲ್ಲವನ್ನೂ ಕೇಳಿಸಿಕೊಂಡು ಒಳಗೆ ಹೋದಳು.

ಅವಳು ಹೇಳಿದ್ದು ಸುಳ್ಳಾಗಲಿಲ್ಲ. ಐದು ವಾರದಲ್ಲಿ ಟ್ರಾಕ್ಟರ್ ವರ್ಕ್‌ಶಾಪೊಂದರಲ್ಲಿ ಕೆಲಸ ಸಿಕ್ಕಿತು. ಇಲ್ಲಿ ಯಾರೂ ನನ್ನನ್ನು ಗೇಲಿ ಮಾಡುವುದಿಲ್ಲ. ಹೆಚ್ಚು ಮಾತೂ ಆಡುವುದಿಲ್ಲ. ಏಳದ ಎಂಜಿನ್ ಬಂದರೆ ನೇರ ನಾನು ಕೆಲಸ ಮಾಡುವ ಜಾಗಕ್ಕೇ ತಳ್ಳುತ್ತಾರೆ. ಊರಿನಲ್ಲಿ ಇದಕ್ಕೆ ಗೌರವ ಎನ್ನುತ್ತಿದ್ದರು. ಆದರೆ ಊರಿನಲ್ಲಿ ಗೌರವದ ಜೊತೆ ಒಂದು ಲೋಟ ಚಹಾವೂ, ಮನೆಯವರ ಸುದ್ದಿಯೂ ಬರುತ್ತಿತ್ತು. ದಿನವಿಡೀ ನನ್ನ ಬಾಯಿಂದ ಹೊರಡುವುದು ಇಂಗ್ಲಿಷಿನ ಮೂವತ್ತೋ ನಲವತ್ತೋ ಮಾತು, ಅದರಲ್ಲಿ ಅರ್ಧ ಸ್ಪೇರ್ ಪಾರ್ಟುಗಳ ಹೆಸರು.

ಕಳೆದ ಭಾನುವಾರ ಚರ್ಚಿನ ಪಾರ್ಕಿಂಗಿನಲ್ಲಿ ಯಾರೋ ನನ್ನ ಹೆಸರು ಕರೆದರು. ಲವೀನಾ. ಒಂದು ವರ್ಷದಲ್ಲಿ ಇಳಿದುಹೋಗಿದ್ದಳು. ಪಿಆರ್ ಬಂತಂತೆ, ಬಂದ ವಾರವೇ ಆ ಯಾರ್ಡ್ ಬಿಟ್ಟಳಂತೆ. ಕ್ಷಮೆ ಕೇಳುತ್ತಾಳೇನೋ ಎಂದು ಕಾದೆ. ಅವಳು ಕೇಳಿದ್ದು ಬೇರೆ.

"ಜೆವಾಣ್ ಜಾಲೆಂ?"

ಊಟ ಆಯಿತಾ ಎಂದು. ಬಾಗಿಲಿಗೆ ಬಂದವರನ್ನೆಲ್ಲ ನನ್ನ ಅಮ್ಮ ಕೇಳುವುದು ಇದನ್ನೇ. ಆದರೆ ನನ್ನ ಬಾಯಿಂದ ಬಂದದ್ದು, "ಯೆಸ್, ಥ್ಯಾಂಕ್ಸ್."

ಅವಳ ಮುಖ ಬಾಡಿತು. ಅವಳೂ ಇಂಗ್ಲಿಷಿಗೆ ಇಳಿದಳು. ಈ ದೇಶದವರ ಹಾಗೆ ಗಾಳಿ, ಮಳೆ, ಚಳಿಯ ಬಗ್ಗೆ ನಾಲ್ಕು ಮಾತಾಡಿ ಅವರವರ ಕಾರಿನ ಕಡೆ ನಡೆದೆವು.

ಬಾಗಿಲು ಹಾಕಿಕೊಂಡು ಕೂತೆ. ಅವಳ ಕಾರು ಗೇಟು ದಾಟುವವರೆಗೂ ನೋಡುತ್ತಿದ್ದೆ. ಆಮೇಲೆ, ಕೇಳಿಸಿಕೊಳ್ಳುವವರು ಯಾರೂ ಇಲ್ಲದಾಗ, ಕೊಂಕಣಿಯಲ್ಲಿ ಹೇಳಿದೆ, ಇನ್ನೂ ಊಟ ಆಗಿಲ್ಲ ಎಂದು.