ಹಾಡಿಗಿಂತ ಮೊದಲಿನ ಕೆಮ್ಮು

1989, ಜುಲೈ ಹತ್ತು, ಸೋಮವಾರ, ಬೆಳಗ್ಗೆ ಹತ್ತೂವರೆ.

ಜ್ವರಕ್ಕೆ ಇಂಜೆಕ್ಷನ್ ತೆಗೆದುಕೊಳ್ಳಲು ಡಾಕ್ಟರರ ಬಳಿ ಹೋಗಿದ್ದೆ. ನರ್ಸಮ್ಮ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ತೋಳಿಗೆ ಒರೆಸಿದರು. ತಣ್ಣಗೆ ಮೂಗಿಗೇರುವ ಆ ವಾಸನೆ ಎಲ್ಲರಿಗೂ ಆಸ್ಪತ್ರೆಯನ್ನು ನೆನಪಿಸುತ್ತದೆ. ನನಗೆ ಮಾತ್ರ ಅದು ಉಡುಪಿಯ ಕಡಿಯಾಳಿಯಲ್ಲಿ ನಮ್ಮ ಮನೆಯ ಪಕ್ಕದಲ್ಲಿದ್ದ ಕ್ಯಾಸೆಟ್ ಅಂಗಡಿಯ ವಾಸನೆ. ಅಂಗಡಿಯವರು ಪ್ರತಿದಿನ ಬಾಗಿಲು ತೆರೆದ ಕೂಡಲೇ ಒಂದು ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಟೇಪ್‌ರೆಕಾರ್ಡರಿನ ಒಳಭಾಗವನ್ನು ಒರೆಸುತ್ತಿದ್ದರು. ಮಗುವಿನ ಕಿವಿ ಒರೆಸುವ ಹಾಗೆ, ಅಷ್ಟು ಮೆಲ್ಲಗೆ...

ಅವರನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಅವರ ಹೆಂಡತಿ ಕಾರ್ಕಳದವರು, ನನಗೆ ಅತ್ತಿಗೆ. ಇಬ್ಬರಿಗೂ ಮಕ್ಕಳಿರಲಿಲ್ಲ. ಗಿರಾಕಿಗಳು ಖಾಲಿ ಕ್ಯಾಸೆಟ್ ತಂದು, ಬೇಕಾದ ಹಾಡುಗಳನ್ನು ಹೇಳಿ ಹೋಗುತ್ತಿದ್ದರು. ಅಣ್ಣ ಸಂಜೆಯೊಳಗೆ ತುಂಬಿಸಿ ಕೊಡುತ್ತಿದ್ದರು. ಆದರೆ ಅವರದ್ದೊಂದು ಪದ್ಧತಿ ಇತ್ತು. ಯಾವ ಕ್ಯಾಸೆಟ್ ಆದರೂ, ಅದರ ಎರಡೂ ಬದಿಗಳಲ್ಲಿ ಮೊದಲಿಗೆ ದೇವಸ್ಥಾನದ ಬೆಳಗಿನ ಪೂಜೆಯ ವಾದ್ಯ ಇರಲೇಬೇಕು. ಗಂಟೆಯ ಸದ್ದು, ಅದರ ಹಿಂದೆ ನಾಗಸ್ವರ, ಡೋಲು, ಸುಮಾರು ಒಂದೂವರೆ ನಿಮಿಷ. ಅಂಗಡಿ ಆರಂಭಿಸಿದ ವರ್ಷ ಅವರೇ ನಸುಕಿನಲ್ಲಿ ಹೋಗಿ ಮುದ್ರಿಸಿಕೊಂಡು ಬಂದದ್ದು. ಆ ದಿನ ಅವರಿಗೆ ಶೀತ ಆಗಿತ್ತು. ಹಾಗಾಗಿ ಗಂಟೆಗಿಂತಲೂ ಮೊದಲು ಒಂದು ಕೆಮ್ಮು ಕೇಳಿಸುತ್ತದೆ. ಅದು ಅಣ್ಣನ ಕೆಮ್ಮು. ಭಜನೆ ಕೇಳುವವರಿಗೂ ಡಿಸ್ಕೋ ಕೇಳುವವರಿಗೂ ಮೊದಲು ಆ ಕೆಮ್ಮು, ಆಮೇಲೆ ದೇವರು, ಆಮೇಲೆ ಹಾಡು.

ಗಿರಾಕಿಗಳು ತಮಾಷೆ ಮಾಡುತ್ತಿದ್ದರು. "ಎಂತ ಮಾರಾಯ್ರೆ, ಒಂದು ಇಂಗ್ಲಿಷ್ ಪದ್ಯ ಕೇಳ್ಬೇಕಾದ್ರೆ ನಿಮ್ಮ ಒಟ್ಟಿಗೆ ದೇವಸ್ಥಾನಕ್ಕೆ ಹೋಗಿ ಬರ್ಬೇಕಾ?"

"ಹೋಗಿ ಬಂದ್ರೆ ನಷ್ಟ ಎಂತ ಉಂಟು?" ಎಂದು ಅಣ್ಣ ನಗುತ್ತಿದ್ದರು.

ನಗದೆ ಇದ್ದವನು ಒಬ್ಬನೇ, ಅವರ ತಮ್ಮ. ಅಂಗಡಿಯಲ್ಲಿ ಕೂರುತ್ತಿದ್ದ ಆ ತಮ್ಮನಿಗೆ ಡ್ರಮ್ಮಿನ ಹುಚ್ಚು. ಎದುರಿಗೆ ಎಂತ ಸಿಕ್ಕಿದರೂ, ಡಬ್ಬಿಯೋ ಮೇಜೋ, ಬಡಿಯುತ್ತಿದ್ದ. ಒಂದು ದಿನ ಅಣ್ಣ ಊಟಕ್ಕೆ ಹೋಗಿದ್ದಾಗ ಅವನು ನಾಲ್ಕು ಕ್ಯಾಸೆಟ್ಟುಗಳನ್ನು ವಾದ್ಯ ಹಾಕದೆಯೇ ತುಂಬಿಸಿ ಕೊಟ್ಟುಬಿಟ್ಟ. ಅಣ್ಣನಿಗೆ ಗೊತ್ತಾಗಿ ಮಾತು ಬೆಳೆಯಿತು. "ಜನಕ್ಕೆ ಹಾಡು ಬೇಕು, ನಿನ್ನ ಕೆಮ್ಮು ಬೇಡ" ಎಂದ ತಮ್ಮ. "ಹಾಗಾದ್ರೆ ನಿನ್ನ ಹಾಡು ನೀನೇ ಮಾಡಿಕೋ, ನನ್ನ ಅಂಗಡಿ ಬೇಡ" ಎಂದರು ಅಣ್ಣ. ಅವನು ಬೊಂಬಾಯಿಗೆ ಹೋದ. ಅಲ್ಲಿ ಹುಡುಗರೊಂದಿಗೆ ಸೇರಿ ಒಂದು ಬ್ಯಾಂಡ್ ಕಟ್ಟಿದ್ದಾನೆ ಎಂಬ ಸುದ್ದಿ ಬಂತು. ಕಾಗದ ಮಾತ್ರ ಬರಲಿಲ್ಲ. ಮೂರು ವರ್ಷ ಅಣ್ಣತಮ್ಮಂದಿರು ಮಾತಾಡಲಿಲ್ಲ.

1984ರ ಜನವರಿ ಕೊನೆಯ ಶನಿವಾರ ಮಣಿಪಾಲದ ಕಾಲೇಜು ವಿದ್ಯಾರ್ಥಿಗಳೆಲ್ಲ ಸೇರಿ ಬ್ಯಾಂಡುಗಳ ಹಬ್ಬವೊಂದನ್ನು ಏರ್ಪಡಿಸಿದರು. ಬೆಳಗ್ಗೆ ಮಣಿಪಾಲದ ಬಯಲು ರಂಗಮಂದಿರ, ಮಧ್ಯಾಹ್ನ ಉಡುಪಿಯ ಒಂದು ಸಭಾಂಗಣ, ಸಂಜೆ ಕಾಪುವಿನ ಕಡಲತೀರ. ನಿಯಮ ಒಂದೇ. ಸಿನಿಮಾ ಹಾಡು ಹಾಡಬಾರದು, ಬೇರೆಯವರ ಹಾಡೂ ಕೂಡದು. ತಾವೇ ಬರೆದು, ತಾವೇ ರಾಗ ಕೂಡಿಸಿದ್ದು ಮಾತ್ರ. ಗೋಡೆಗೆ ಹಚ್ಚಿದ ಕಾಗದದಲ್ಲಿ ಕೊನೆಯ ಹೆಸರು ಬೊಂಬಾಯಿಯ ಆ ಬ್ಯಾಂಡಿನದ್ದು. ಕಾಪುವಿನಲ್ಲಿ, ಐದೂವರೆಗೆ.

ಕಾರ್ಯಕ್ರಮಗಳಿಗೆ ಹೋಗಿ, ಯಾರು ಏನು ಹಾಡಿದರು ಎಂದು ತಾರೀಕು ಸಮೇತ ಬರೆದಿಡುವುದು ನನ್ನ ಅಭ್ಯಾಸ. ಈ ಹಬ್ಬಕ್ಕೆ ಹೋಗಲೇಬೇಕೆಂದು ಮನೆಯಲ್ಲಿ ಹಟ ಹಿಡಿದಿದ್ದೆ. ಒಬ್ಬಳೇ ಹೋಗುವುದಕ್ಕೆ ಅಪ್ಪ ಒಪ್ಪಲಿಲ್ಲ. ಆಗ ಅತ್ತಿಗೆ ಬೇಲಿಯ ಆಚೆಯಿಂದ ಹೇಳಿದರು, "ನಾವೂ ಹೋಗ್ತೇವೆ, ಕಳಿಸಿ. ಇವರಿಗೆ ಎಲ್ಲ ಬ್ಯಾಂಡೂ ರೆಕಾರ್ಡ್ ಮಾಡ್ಬೇಕಂತೆ." ಅಪ್ಪ ಒಳಗೆ ಹೋದ ಮೇಲೆ ನನ್ನನ್ನು ಬೇಲಿಯ ಬಳಿ ಕರೆದು ಕಿವಿಯಲ್ಲಿ ಹೇಳಿದರು, "ಎಲ್ಲ ಬ್ಯಾಂಡ್ ಅಂತ ಬಾಯಲ್ಲಿ ಹೇಳುದು. ಬೇಕಾದ್ದು ಒಂದೇ."

ಶನಿವಾರ ಬೆಳಗ್ಗೆ ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಕೈಯಲ್ಲಿ ಬಟ್ಟೆಯ ಚೀಲ. ಅದರೊಳಗೆ ಬ್ಯಾಟರಿ ಹಾಕಿದ ದೊಡ್ಡ ಟೇಪ್‌ರೆಕಾರ್ಡರ್, ಅದರ ಪುಟ್ಟ ಮೈಕು, ಹೊಸ ಕ್ಯಾಸೆಟ್ಟುಗಳು. ಹಿಂದಿನ ದಿನವೇ ಎಲ್ಲ ಕ್ಯಾಸೆಟ್ಟುಗಳ ಎರಡೂ ಬದಿಗೆ ವಾದ್ಯ ಹಾಕಿ ತಯಾರು ಮಾಡಿಟ್ಟಿದ್ದರು. ಒಂದೊಂದು ಬ್ಯಾಂಡಿಗೆ ಅರ್ಧ ಗಂಟೆ, ಒಂದೊಂದು ಬದಿಯೂ ಅರ್ಧ ಗಂಟೆ. ಲೆಕ್ಕ ಸರಿಯಾಗಿದೆ ಎಂದು ನಾನೂ ತಲೆಯಾಡಿಸಿದ್ದೆ.

ಮಣಿಪಾಲದಲ್ಲಿ ಬಿಸಿಲು ಏರುವ ಮೊದಲೇ ಶುರುವಾಯಿತು. ಉದ್ದ ಕೂದಲಿನ ಹುಡುಗರು ಗಿಟಾರ್ ಹಿಡಿದು ಕೂಗುತ್ತಿದ್ದರು. ಅತ್ತಿಗೆ ಎರಡೂ ಕಿವಿಗೆ ಸೆರಗು ಒತ್ತಿಕೊಂಡು, "ಇದೆಂತ, ಪದ್ಯ ಹೇಳುದಾ, ಜಗಳ ಮಾಡುದಾ?" ಎಂದರು. ಅಣ್ಣ ತುಟಿಗೆ ಬೆರಳಿಟ್ಟು ಮೈಕಿನ ಕಡೆ ತೋರಿಸಿದರು. ನೀನು ಹೇಳಿದ್ದೂ ಒಳಗೆ ಹೋಗ್ತದೆ, ಎಂಬ ಅರ್ಥದಲ್ಲಿ. ಆಮೇಲೆ ಅಲೆವೂರಿನ ಇಬ್ಬರು ಹುಡುಗರು ಬಂದರು. ಒಬ್ಬನ ಬಳಿ ಹಾರ್ಮೋನಿಯಂ, ಇನ್ನೊಬ್ಬನ ಬಳಿ ಒಂದು ಗಿಟಾರ್, ಅದರಲ್ಲಿಯೂ ಒಂದು ತಂತಿ ಕಡಿದಿತ್ತು. ಹಾಡು ಮರೆತು ಮಧ್ಯದಲ್ಲಿ ನಿಲ್ಲಿಸಿದರು. ಜನ ಕೂಗಿದಾಗ ಅಣ್ಣ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹುಡುಗರು ಮೊದಲಿನಿಂದ ಶುರು ಮಾಡಿದರು. ಅವರ ಹೆಸರಿನ ಮುಂದೆ ನಾನು 'ಎರಡು ಸಲ' ಎಂದು ಬರೆದುಕೊಂಡೆ.

ಉಡುಪಿಯ ಸಭಾಂಗಣದಲ್ಲಿ ಫ್ಯಾನ್ ಇರಲಿಲ್ಲ. ಅಲ್ಲಿ ಕೊಂಕಣಿಯಲ್ಲಿ ಹಾಡಿದ ಮೂವರು ಅಕ್ಕತಂಗಿಯರ ಒಂದು ತಂಡ ಬಂದಿತ್ತು. ತಂದೆ ದುಬೈಯಲ್ಲಿ, ಅವರು ಕಳಿಸಿದ ಕೀಬೋರ್ಡ್. ಮೂರು ಸ್ವರ ಸೇರಿಸಿ ಹಾಡಿದಾಗ ಇಡೀ ಸಭಾಂಗಣ ತಣ್ಣಗಾಯಿತು. ಅತ್ತಿಗೆಯ ಕಣ್ಣು ತುಂಬಿತ್ತು. "ಅರ್ಥ ಆಯ್ತಾ ಅತ್ತಿಗೆ?" ಎಂದು ಕೇಳಿದೆ. "ಒಂದು ಅಕ್ಷರ ಆಗ್ಲಿಲ್ಲ ಮಾರಾಯ್ತಿ" ಎಂದರು.

ಅಣ್ಣ ಮಾತ್ರ ಆಗಲೇ ಗಡಿಯಾರ ನೋಡುತ್ತಿದ್ದರು. ಊಟಕ್ಕೆಂದು ಹೋಟೆಲಿಗೆ ಹೋದರೆ, ತಿಂದದ್ದು ಅರ್ಧ ಗೋಳಿಬಜೆ. ಬಸ್ಸು ಕಟಪಾಡಿಯಲ್ಲಿ ಜನ ಹತ್ತಿಸಿಕೊಳ್ಳಲು ತುಂಬ ಹೊತ್ತು ನಿಂತಿತು. ಅಲ್ಲಿ ಅವರು ತಮಗೇ ಹೇಳಿಕೊಳ್ಳುವ ಹಾಗೆ ಅಂದರು, "ಮಾತಾಡ್ತಾನೋ ಇಲ್ವೋ... ಹಾಡಾದ್ರೂ ಸಿಕ್ಕಿದ್ರೆ ಸಾಕು. ಅಂಗಡಿಯಲ್ಲಿ ಇಟ್ಟು ಕೇಳಬಹುದು."

"ಮೊದಲು ನೀವು ಮಾತಾಡಿ" ಎಂದರು ಅತ್ತಿಗೆ. "ದೊಡ್ಡವರು ಅಲ್ವಾ?"

ಅಣ್ಣ ಚೀಲವನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡರು.

ಕಾಪುವಿನಲ್ಲಿ ದೀಪಸ್ತಂಭದ ಕೆಳಗೆ ಮರಳಿನ ಮೇಲೆ ಹಲಗೆ ಜೋಡಿಸಿ ವೇದಿಕೆ ಮಾಡಿದ್ದರು. ನಾವು ಎಲ್ಲರಿಗಿಂತ ಮುಂದೆ ಕುಳಿತೆವು. ಡ್ರಮ್ಮಿನ ಹಿಂದೆ ಬಂದು ಕುಳಿತ ತಮ್ಮ ನಮ್ಮನ್ನು ಕಂಡ. ಕಡ್ಡಿ ಹಿಡಿದ ಕೈ ಒಂದು ಕ್ಷಣ ನಿಂತಿತು. ಅಣ್ಣ ತಲೆ ಬಗ್ಗಿಸಿ ಗುಂಡಿ ಒತ್ತಿದರು. ಚಕ್ರ ತಿರುಗತೊಡಗಿತು.

ಅವರು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಹಾಡಿದರು. ಎಲ್ಲ ಸ್ವಂತದ್ದೇ. ಕೊನೆಯಲ್ಲಿ ಹಾಡುಗಾರ ಪಕ್ಕಕ್ಕೆ ಸರಿದು ಮೈಕನ್ನು ಡ್ರಮ್ಮಿನ ಬಳಿಗೆ ತಂದಿಟ್ಟ. ತಮ್ಮನೇ ಹಾಡಿದ. ತುಳುವಿನಲ್ಲಿ. ಕಟಪಾಡಿಯಲ್ಲಿ ಬಸ್ಸಿಗೆ ಕಾಯುವವನ ಹಾಡು ಅದು. ಎಲ್ಲ ಊರಿನ ಬಸ್ಸೂ ಬರುತ್ತದೆ, ಅವನ ಮನೆಯ ದಾರಿಯದ್ದು ಮಾತ್ರ ಬರುವುದಿಲ್ಲ. ಹಿಂದೆ ಸಮುದ್ರದ ಸದ್ದು. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಣ್ಣ ತಾವು ತಂದ ಪುಟ್ಟ ಮೈಕನ್ನು ಎರಡೂ ಕೈಯಲ್ಲಿ, ಹಕ್ಕಿ ಹಿಡಿದ ಹಾಗೆ ಹಿಡಿದಿದ್ದರು.

ಹಾಡು ಇನ್ನೂ ಮುಗಿದಿರಲಿಲ್ಲ. ಗುಂಡಿ 'ಟಕ್' ಎಂದು ಮೇಲೆ ಹಾರಿತು. ಕ್ಯಾಸೆಟ್ಟಿನ ಬದಿ ಮುಗಿದಿತ್ತು. ಮೊದಲ ಒಂದೂವರೆ ನಿಮಿಷವನ್ನು ವಾದ್ಯ ತೆಗೆದುಕೊಂಡಿತ್ತಲ್ಲ... ಬೆಳಗ್ಗೆ ನಾವಿಬ್ಬರೂ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಉಳಿದ ಬ್ಯಾಂಡುಗಳೆಲ್ಲ ಬೇಗ ಮುಗಿಸಿದ್ದರಿಂದ ಗೊತ್ತಾಗಿರಲೂ ಇಲ್ಲ.

"ತಿರುಗಿಸಿ ಹಾಕಿ ಮಾರಾಯ್ರೆ!" ಎಂದರು ಅತ್ತಿಗೆ.

ಅಣ್ಣ ತಿರುಗಿಸಿದರು. ಆದರೆ ಆ ಬದಿಯ ಮೊದಲಿಗೂ ವಾದ್ಯ ಇತ್ತು. ಹಾಗೆಯೇ ಮುದ್ರಿಸಿದರೆ ಅದು ಅಳಿಸಿಹೋಗುತ್ತದೆ. ಅವರ ಬೆರಳು ಗುಂಡಿಯ ಮೇಲೆ ಹೋಗಿ ಹಿಂದೆ ಬಂತು. ಬ್ಯಾಟರಿ ಬೇಗ ಮುಗಿಯುತ್ತದೆಂದು ಹೊರಗಡೆ ಅವರು ಯಂತ್ರದಲ್ಲಿ ಟೇಪನ್ನು ಮುಂದಕ್ಕೆ ಓಡಿಸುತ್ತಿರಲಿಲ್ಲ, ಪೆನ್ಸಿಲಿನಿಂದ ಸುತ್ತುವುದೇ ರೂಢಿ. ನನ್ನ ಕೈಯಿಂದ ಪೆನ್ಸಿಲ್ ಕಸಿದುಕೊಂಡು, ಕ್ಯಾಸೆಟ್ಟಿನ ತೂತಿಗೆ ಹಾಕಿ ಸುತ್ತಿದರು. ಹಾಕಿ ಕೇಳಿದರು, ಇನ್ನೂ ಡೋಲು ಇತ್ತು. ಮತ್ತೆ ತೆಗೆದು ಸುತ್ತಿದರು. ಅಷ್ಟರಲ್ಲಿ ಚಪ್ಪಾಳೆ ಕೇಳಿಸಿತು.

ಜನ ಕರಗಿದ ಮೇಲೆ ತಮ್ಮ ಇಳಿದು ಬಂದ. ಬೆವರಿನಲ್ಲಿ ಅಂಗಿ ಮೈಗೆ ಅಂಟಿತ್ತು. ಸ್ವಲ್ಪ ದೂರದಲ್ಲಿಯೇ ನಿಂತ.

ಅಣ್ಣನೇ ಮೊದಲು ಮಾತಾಡಿದರು. "ಕೊನೆಯದ್ದು ಸಿಕ್ಕಲಿಲ್ಲ ಮಾರಾಯ. ಅರ್ಧ ಉಂಟು. ಕ್ಯಾಸೆಟ್ ಮುಗಿಯಿತು."

"ತಿರುಗಿಸ್ಲಿಕ್ಕೆ ಎಂತ ಆಗಿತ್ತು?"

"ತಿರುಗಿಸಿದ್ರು" ಎಂದರು ಅತ್ತಿಗೆ. "ಆ ಬದಿಯಲ್ಲಿಯೂ ದೇವರು ಕೂತಿದ್ದಾರೆ ಅಲ್ವಾ!"

ಈಗ ಜಗಳ ಶುರುವಾಗುತ್ತದೆ ಎಂದು ನಾನು ಅಂದುಕೊಂಡೆ. ತಮ್ಮ ಮರಳಿನ ಮೇಲೆ ಕುಳಿತು, "ಹಾಕು ನೋಡುವ" ಎಂದ. ಅಣ್ಣ ಆ ಬದಿಯನ್ನೇ ಪೆನ್ಸಿಲಿನಿಂದ ಹಿಂದಕ್ಕೆ ಸುತ್ತಿ, ಗುಂಡಿ ಒತ್ತಿದರು.

ಕೆಮ್ಮು ಕೇಳಿಸಿತು. ಆಮೇಲೆ ಗಂಟೆ, ನಾಗಸ್ವರ. ತಮ್ಮ ನಕ್ಕ. ನಗುತ್ತ ನಗುತ್ತ ಮುಖವನ್ನು ಮೊಣಕಾಲಿನ ನಡುವೆ ಹುದುಗಿಸಿಕೊಂಡ. ವಾದ್ಯ ಮುಗಿಯುವ ತನಕ ತಲೆ ಎತ್ತಲಿಲ್ಲ. ಅಣ್ಣ ಅವನ ಒದ್ದೆ ಬೆನ್ನ ಮೇಲೆ ಕೈ ಇಟ್ಟಿದ್ದರು.

"ಬೊಂಬಾಯಿಯಲ್ಲಿ ಎಲ್ಲ ಸಿಗ್ತದೆ ಅಣ್ಣ" ಎಂದ ಕೊನೆಗೆ. "ಇದೊಂದು ಸಿಗುದಿಲ್ಲ. ಇದನ್ನು ನನಗೆ ಕೊಡು."

"ಹಾಡು ಪೂರ್ತಿ ಇಲ್ವಲ್ಲ."

"ನನ್ನ ಹಾಡು ನನಗೆ ಬಾಯಿಪಾಠ ಉಂಟು. ನಿನ್ನ ಕೆಮ್ಮು ಕೊಡು."

ಆ ಕ್ಯಾಸೆಟ್ ಅವನ ಜೊತೆ ಬೊಂಬಾಯಿಗೆ ಹೋಯಿತು. ಅಲ್ಲಿಂದ ತಿಂಗಳಿಗೊಂದು ಕಾಗದ ಬರತೊಡಗಿತು. ಅಣ್ಣ ಅಂಗಡಿಯಲ್ಲಿ ನನಗೂ ಓದಿ ಹೇಳುತ್ತಿದ್ದರು, ಕೆಲವು ಸಾಲುಗಳನ್ನು ಬಿಟ್ಟು...

1987ರ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅಂಗಡಿಯಲ್ಲಿಯೇ ಅಣ್ಣನಿಗೆ ಎದೆನೋವು ಬಂತು. ಆಸ್ಪತ್ರೆಗೆ ತಲುಪಲಿಲ್ಲ. ತಮ್ಮ ಬಂದು ಕಾರ್ಯವೆಲ್ಲ ಮಾಡಿದ. ಅತ್ತಿಗೆ ಕಾರ್ಕಳಕ್ಕೆ, ತವರುಮನೆಗೆ ಹೋದರು. ಅಂಗಡಿಯ ಸಾಮಾನನ್ನು ಒಬ್ಬ ವ್ಯಾಪಾರಿ ಒಟ್ಟಾಗಿ ಕೊಂಡುಹೋದ. ವಾದ್ಯದ ಮೂಲ ಕ್ಯಾಸೆಟ್ಟೂ ಅದರಲ್ಲಿ ಹೋಯಿತೆಂದು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅವನು ಎಲ್ಲವನ್ನೂ ಅಳಿಸಿ ಹೊಸ ಹಾಡು ತುಂಬಿಸಿ ಮಾರಿದನಂತೆ. ತಮ್ಮನ ಕ್ಯಾಸೆಟ್ ಅದಕ್ಕೂ ಮೊದಲಿನ ವರ್ಷ, ಅವನ ಕೋಣೆಗೆ ಮಳೆನೀರು ನುಗ್ಗಿದಾಗ ಹಾಳಾಗಿತ್ತು.

ನರ್ಸಮ್ಮನ ಹತ್ತಿಯ ವಾಸನೆ ಇಷ್ಟನ್ನೆಲ್ಲ ನೆನಪಿಸಿದ್ದರಿಂದ, ಜ್ವರ ಬಿಟ್ಟ ಮೇಲೆ ಭಾನುವಾರ ಬಸ್ಸು ಹತ್ತಿ ಕಾರ್ಕಳಕ್ಕೆ ಹೋದೆ. ಅತ್ತಿಗೆ ತೆಳ್ಳಗಾಗಿದ್ದಾರೆ. ಗೋಡೆಯಲ್ಲಿ ಅಣ್ಣನ ಫೋಟೋ ಇತ್ತು.

"ಫೋಟೋದಲ್ಲಿ ಮುಖ ಉಂಟು" ಎಂದರು. "ಸ್ವರ ಮರೆತು ಹೋಗ್ತಾ ಉಂಟು ಮಾರಾಯ್ತಿ. ರಾತ್ರಿ ನೆನಪು ಮಾಡ್ಲಿಕ್ಕೆ ನೋಡ್ತೇನೆ, ಬರುದಿಲ್ಲ. ಊರಿನವರ ಸ್ವರ ಎಲ್ಲ ಹಿಡಿದ್ರು, ಅವರದ್ದೇ ಒಂದು ಮಾತು ಹಿಡಿದಿಡ್ಲಿಲ್ಲ. ಆ ಕೆಮ್ಮಾದ್ರೂ ಒಂದು ಸಲ ಕೇಳಿದ್ರೆ..."

ಮನೆಗೆ ಬಂದು ನಮ್ಮ ಕ್ಯಾಸೆಟ್ಟುಗಳನ್ನೆಲ್ಲ ಹುಡುಕಿದೆ. ಅಣ್ಣ ತುಂಬಿಸಿ ಕೊಟ್ಟವು ಎರಡು ಸಿಕ್ಕಿದವು. ಒಂದರ ಎರಡೂ ತುದಿಗಳನ್ನು ಯಂತ್ರ ಜಗಿದು ಹಾಕಿದ್ದರಿಂದ ಬ್ಲೇಡಿನಿಂದ ಕತ್ತರಿಸಿ ಅಂಟಿಸಿದ್ದೆವು. ಇನ್ನೊಂದರಲ್ಲಿ, ವಾದ್ಯ ಬೇಡವೆಂದು ನಮ್ಮ ಮನೆಯವರೇ ಯಾರೋ ಎರಡೂ ಬದಿಯಲ್ಲಿ ಅದರ ಮೇಲೆ ಬೇರೆ ಹಾಡು ಮುದ್ರಿಸಿದ್ದಾರೆ. ಬೀದಿಯಲ್ಲಿ ಕೇಳಿದ ಮನೆಗಳಲ್ಲಿಯೂ ಅದೇ ಕಥೆ.

ಆದರೂ ಉಡುಪಿಯಿಂದ ಕಾಪುವಿನ ತನಕ ಅಣ್ಣನ ಕ್ಯಾಸೆಟ್ಟುಗಳು ಹೋಗದ ಊರಿಲ್ಲ. ಯಾವುದೋ ಪೆಟ್ಟಿಗೆಯ ತಳದಲ್ಲಿ ಒಂದಾದರೂ ಇರಬೇಕು. ನಿಮ್ಮ ಮನೆಯಲ್ಲಿ ಹಳೆಯ ಕ್ಯಾಸೆಟ್ ಇದ್ದರೆ, ದಯವಿಟ್ಟು ಹಾಡಿಗೆ ಓಡಿಸಬೇಡಿ. ತುದಿಯಿಂದ ಹಾಕಿ, ಕಿವಿಗೊಡಿ. ಗಂಟೆಗಿಂತ ಮೊದಲು ಒಬ್ಬರು ಕೆಮ್ಮಿದರೆ, ಅದನ್ನು ಅಳಿಸದೆ ಈ ಪತ್ರಿಕೆಯ ವಿಳಾಸಕ್ಕೆ ನನಗೆ ನಾಲ್ಕು ಸಾಲು ಬರೆಯಿರಿ. ಟೇಪ್‌ರೆಕಾರ್ಡರ್ ಹೊತ್ತು ನಾನೇ ಬರುತ್ತೇನೆ. ಕಾರ್ಕಳದಲ್ಲಿ ಒಬ್ಬರು ಕಾಯುತ್ತಿದ್ದಾರೆ.